ಹನ್ನೊಂದು ಸೆಕೆಂಡು

ಬೈತಖೋಲ ಬಂದರಿನಲ್ಲಿ, ಐಸ್ ಪ್ಲಾಂಟಿನ ಬೆನ್ನಿಗೆ
ಸಂಘದ ಮಹಡಿ ಕೋಣೆ. ಒಂದು ಫ್ಯಾನು, ಎರಡು ಪರದೆ.
ನಸುಕಿನ ನಾಲ್ಕಕ್ಕೆ ದೋಣಿಗಳು ಮೂತಿ ತಿರುಗಿಸುತ್ತವೆ ದಂಡೆಗೆ,
ನನ್ನ ಪರದೆಯ ಗೆರೆಯೂ ಆಗಲೇ ಏಳುತ್ತದೆ:
ಮುನ್ನೂರು ಮೊಬೈಲು ಒಂದೇ ಉಸಿರಿಗೆ
ಬಂಗಡೆ ಎಷ್ಟು, ತಾರಲೆ ಎಷ್ಟು, ಐಸು ಸಿಕ್ಕೀತೇ?

ಎಲ್ಲ ಕ್ಷೇಮ, ಅನ್ನುತ್ತದೆ ಗೆರೆ.
ಸರಾಸರಿ ಮುಕ್ಕಾಲು ಸೆಕೆಂಡು. ಬಣ್ಣ ಹಸಿರು.
ಕಾರ್ಯದರ್ಶಿ ವಿಠೋಬ ತಾಂಡೇಲರು ಚಹಾ ಹೀರಿ
'ಚೊಲೋ ಆಯ್ತಲ್ಲ' ಎಂದು ಲುಂಗಿ ಕೊಡವಿ ಎದ್ದರು.

ಚೊಲೋ ಆಗಿರಲಿಲ್ಲ.
ಐದು ಹತ್ತರ ಕದ್ರಾ ಬಸ್ಸಿನ ಹಿಂದಿನ ಸೀಟಿನಿಂದ
ರುಕ್ಮಾ ಹರಿಕಂತ್ರಳ ಫೋನು:
'ನಿನ್ನ ಪೇಜು ಗರಗರ ತಿರುಗ್ತದೆ ಮಾರಾಯ್ತಿ,
ರೇಟು ಕಾಣೂದ್ರೊಳಗೆ ಡ್ರೈವರ್ ಹಾರ್ನ್ ಹಾಕ್ದ.
ಅಂದಾಜಿನ ಮೇಲೆ ಕೊಂಡೆ. ಬುಟ್ಟಿಗೆ ನಲವತ್ತು ರೂಪಾಯಿ ಹೆಚ್ಚು.'

ದಾಖಲೆ ತೆರೆದು ಅವಳ ನಂಬರು ಹುಡುಕಿದೆ.
ಹನ್ನೊಂದು ಸೆಕೆಂಡು.
ಇವತ್ತೊಂದೇ ದಿನವಲ್ಲ, ಹತ್ತೊಂಬತ್ತು ಬೆಳಗು.
ಸರಾಸರಿ ಬಹಳ ಸಭ್ಯ ಮನುಷ್ಯ:
ತೊಂಬತ್ತೊಂಬತ್ತು ಜನರ ಹೆಗಲ ಹಿಂದೆ
ಒಬ್ಬಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾನೆ.
ಸರಾಸರಿ ಅಲೆ ಯಾವ ದೋಣಿಯನ್ನೂ ಮಗುಚಿದ್ದಿಲ್ಲ.

ಹೆಜ್ಜೆ ಹೆಜ್ಜೆಗೂ ಒಂದು ಗಡಿಯಾರ ಕಟ್ಟಿದೆ.
ಹರಾಜಿನ ದರಕ್ಕೆ ಎರಡು. ಐಸಿನ ಪಾಲಿಗೆ ಮೂರು.
ಹಳೇ ಬಾಕಿಗೆ ನಾಲ್ಕು. ಜಾಮೀನಿನ ಹೆಸರಿಗೆ ಇನ್ನೆರಡು.
ನಗದು ಕೊಡುವವರಿಗೆ ಇದ್ಯಾವುದೂ ಇಲ್ಲ,
ಉದ್ರಿ ಪುಸ್ತಕ ಇದ್ದವರಿಗೇ ಈ ಸುತ್ತು.
ಬರೆದವಳು ನಾನೇ.
ನನ್ನ ಕೋಡು ಒಂಟಿ ಆಳು: ಒಂದು ಕದ ತಟ್ಟಿ,
ಉತ್ತರ ಬರುವ ತನಕ ಜಗಲಿಯಲ್ಲಿ ಕೂತು,
ಆಮೇಲೆ ಎದ್ದು ಮುಂದಿನ ಕದಕ್ಕೆ.

ಮಾಜಾಳಿಯ ದಂಡೆಯಲ್ಲಿ, ಎಂಟು ವರ್ಷದವಳು,
ರಂಪಣಿಯ ಹಗ್ಗಕ್ಕೆ ನಾನೂ ಕೈ ಹಚ್ಚಿದ್ದೆ.
ಈ ತುದಿಗೆ ನಲವತ್ತು ಜನ, ಆ ತುದಿಗೆ ನಲವತ್ತು.
ಆಚೆಯವರು ಎಳೆದು ಮುಗಿಸಲಿ ಎಂದು
ಈಚೆಯವರು ಬೀಡಿ ಹಚ್ಚಿ ಕೂರುವುದಿಲ್ಲ.
ಆದರೂ ನಮ್ಮ ಹಗ್ಗ ಮೊದಲು ಬಂತೆಂದು ಕುಣಿದಾಗ
ದೊಡ್ಡಪ್ಪ ತಲೆಗೊಂದು ಮೊಟಕಿದ:
'ಆ ತುದಿ ಬರಲಿ ತಡಿ. ಮೀನು ಇನ್ನೂ ನೀರಲ್ಲಿದೆ.'

ನಾಲ್ಕು ಕದಕ್ಕೆ ನಾಲ್ಕು ಆಳು, ಒಮ್ಮೆಲೇ ಅಟ್ಟಿದೆ.
ಎಲ್ಲರೂ ಮರಳಿದ ಮೇಲೇ ಪೇಜು ತೆರೆಯಬೇಕು.
ಹನ್ನೊಂದು ಹೋಗಿ ನಾಲ್ಕಾಯಿತು.
ನಾಲ್ಕರ ಕೆಳಗೆ ಇಳಿಯದು;
ಹಳೇ ಬಾಕಿ ಯಾವತ್ತೂ ಕೊನೆಗೇ ಬರುತ್ತದೆ.

ಮೂರನೇ ದಿನ ಜೆಟ್ಟಿಯಲ್ಲಿ ಗಲಾಟೆ.
ಒಂದೇ ಬುಟ್ಟಿ ಇಸವಾಣ, ಇಬ್ಬರ ಹೆಸರಿಗೆ.
ಪಿಯೆದಾದ್ ಬಾಯಿ ಒಂದು ಕಿವಿ ಹಿಡಿದು, ಶಬ್ಬೀರ ಇನ್ನೊಂದು ಕಿವಿ ಹಿಡಿದು
ಎಳೆದರು, ನಡುವೆ ಮೀನು ಬಾಯಿ ತೆರೆದು ಮಲಗಿತ್ತು.
'ಒಂದು ಉಳಿದಿದೆ' ಎಂದು ಇಬ್ಬರ ಆಳೂ ಓದಿದ್ದವು,
ಅದೇ ಗಳಿಗೆಯಲ್ಲಿ ಇಬ್ಬರದೂ 'ನನ್ನದು' ಎಂದು ಬರೆದಿದ್ದವು.
ಸಾಲು ಸಾಲಾಗಿ ಮತ್ತೆ ಓದಿದೆ:
ಯಾವ ಸಾಲೂ ಸುಳ್ಳಲ್ಲ. ಕೂಡಿದಾಗ ಸುಳ್ಳು.

'ಎಲ್ಲಾ ಕಡೆ ಬೀಗ ಜಡಿದುಬಿಡು' ಅಂದರು ತಾಂಡೇಲರು.
ಜಡಿದರೆ ಮತ್ತದೇ ಸರದಿ, ಅದೇ ಜಗಲಿ, ಅದೇ ಹನ್ನೊಂದು.
ಬುಟ್ಟಿಯ ಆ ಒಂದು ಸಾಲಿಗೆ ಮಾತ್ರ
ಒಂದು ಚಿಕ್ಕ ಬೀಗ, ಒಂದೇ ಕೀಲಿ.
ಎರಡು ರಾತ್ರಿ ಹಿಡಿಯಿತು ಆ ಸಾಲು ಎಲ್ಲೆಂದು ತಿಳಿಯಲು.

ಈಗ ಪರದೆಯ ನಡುವೆ ಸರಾಸರಿ ಇಲ್ಲ.
ಆ ಬೆಳಗಿನ ಎಲ್ಲರಿಗಿಂತ ತಡವಾದವರ ಹೊತ್ತು ಇದೆ.
ಕೆಟ್ಟ ಗೆರೆ. ಹಸಿರಾಗುವುದೇ ಇಲ್ಲ.
ತಾಂಡೇಲರಿಗೆ ನೋಡಿದರೆ ಚಹಾ ಸೇರುವುದಿಲ್ಲ.

ರುಕ್ಮಾ ನಿನ್ನೆ ಫೋನು ಮಾಡಿದ್ದಳು:
'ರೇಟು ಬೇಗ ಬಂತು. ಇಳಿದು ಬರಲಿಲ್ಲ, ಅಷ್ಟೇ.'
ಮಲ್ಲಾಪುರ ದಾಟಿತೇನೋ ಬಸ್ಸು, ಲೈನು ಕಡಿಯಿತು.

ಕೆಳಗೆ ಐಸು ಒಡೆಯುವ ಸದ್ದು.
ದೇವಗಡದ ದೀಪ ಆಚೆ ತಿರುಗಿ ಈಚೆ ಬರುವವರೆಗೆ
ಎಣಿಸುತ್ತೇನೆ. ಕೆಲಸವಲ್ಲ,
ರೂಢಿ.